ಮನೆಯ ಸೊತ್ತು, ಊರಿನ ಸೊತ್ತು: ಪಂಚಾಯಿತಿಯ ಹಣ ಮೊದಲು ಎಲ್ಲಿ ಸಲ್ಲಬೇಕು?



ಪಿರಿಯಾಪಟ್ಟಣ ತಾಲ್ಲೂಕಿನ ರೈತರೊಬ್ಬರು ಹದಗೊಳಿಸಿದ ಹೊಗೆಸೊಪ್ಪಿನ ಬೇಲನ್ನು ಹರಾಜು ಮಾರುಕಟ್ಟೆಗೆ ತಂದಾಗ, ಹಣ ಕೊಡದವರಿಗೆ ಅದು ದೊರೆಯದು. ಒಬ್ಬರು ಕೊಂಡ ಬೇಲು ಮತ್ತೊಬ್ಬರಿಗೆ ಉಳಿಯದು. ಅದೇ ರೈತರು ರಾತ್ರಿ ಊರಿಗೆ ಮರಳುವಾಗ ಬೀದಿದೀಪದ ಬೆಳಕಿನಲ್ಲಿ ನಡೆಯುತ್ತಾರೆ. ಆ ಬೆಳಕು ಕಂದಾಯ ಕಟ್ಟಿದವರಿಗೂ ಕಟ್ಟದವರಿಗೂ ಒಂದೇ. ಮುಂದೆ ಹೋದವರಿಂದಾಗಿ ಹಿಂದೆ ಬರುವವರಿಗೆ ಬೆಳಕು ಕಡಿಮೆಯಾಗದು. ಮೊದಲನೆಯದು ಖಾಸಗಿ ಸರಕು, ಎರಡನೆಯದು ಸಾರ್ವಜನಿಕ ಸರಕು. ಈ ಭೇದವನ್ನು ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ 1954ರಲ್ಲಿ ಖಚಿತವಾಗಿ ನಿರೂಪಿಸಿದರು.

ಪರೀಕ್ಷೆಗಳು ಎರಡೇ. ಹಣ ಕೊಡದವರನ್ನು ಹೊರಗಿಡಲು ಸಾಧ್ಯವೇ? ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕೊರತೆಯಾಗುತ್ತದೆಯೇ? ಯಾರು ಹಣ ಕೊಟ್ಟರು ಎಂಬುದು ಇಲ್ಲಿ ಮುಖ್ಯವಲ್ಲ. ಸರ್ಕಾರದ ಅನುದಾನದಿಂದ ಕಟ್ಟಿದ ವಸತಿ ಮನೆಯೂ ಈ ಅಳತೆಯಲ್ಲಿ ಖಾಸಗಿ ಸರಕೇ. ಬಡವರಿಗೆ ಮನೆ ಕೊಡುವುದು ನ್ಯಾಯದ ದೃಷ್ಟಿಯಿಂದ ಸರಿಯಾದುದು. ಆದರೆ ಅದರಿಂದ ಊರಿನ ಚರಂಡಿ ಸ್ವಚ್ಛವಾಗುವುದಿಲ್ಲ. ವೈಯಕ್ತಿಕ ಸವಲತ್ತನ್ನು ಕೇಳಲು ಫಲಾನುಭವಿ ತಾವೇ ಪಂಚಾಯಿತಿ ಕಚೇರಿಗೆ ಬರುತ್ತಾರೆ. ಚರಂಡಿಯ ಪರವಾಗಿ ಅರ್ಜಿ ಹಿಡಿದು ಬರುವವರು ವಿರಳ. ಆ ಅರ್ಜಿಯನ್ನು ಸದಸ್ಯರೇ ಮಂಡಿಸಬೇಕಾಗುತ್ತದೆ.

ಸಾರ್ವಜನಿಕ ಸರಕು ಮಾರುಕಟ್ಟೆಯಲ್ಲಿ ತಾನಾಗಿ ಹುಟ್ಟದಿರಲು ಕಾರಣ ಸರಳವಾಗಿದೆ. ಒಂದು ಮನೆಯವರು ಅಂಗಳದಲ್ಲಿ ನಿಂತ ನೀರನ್ನು ಚೆಲ್ಲಿ, ಪಕ್ಕದ ಮನೆಯವರು ಚೆಲ್ಲದಿದ್ದರೆ ಡೆಂಗಿ ಸೊಳ್ಳೆ ಎರಡೂ ಮನೆಗಳಿಗೆ ಬರುತ್ತದೆ. ಇತರರು ಮಾಡಲಿ, ಫಲ ತಮಗೂ ಬರಲಿ ಎಂದು ಪ್ರತಿಯೊಬ್ಬರೂ ಕಾದರೆ ಕೆಲಸವೇ ನಡೆಯದು. ಆದುದರಿಂದಲೇ ತೆರಿಗೆ, ಆದುದರಿಂದಲೇ ಪಂಚಾಯಿತಿ. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿದವರಿಗಷ್ಟೇ ನೀರು ಬರುವುದರಿಂದ ಅದರ ನಿರ್ವಹಣೆಗೆ ಶುಲ್ಕ ಪಡೆಯಬಹುದು. ಬೀದಿದೀಪದ ಕೆಳಗೆ ನಾಣ್ಯ ಪಡೆಯಲಾಗದು. ಅದಕ್ಕೆ ಕಂದಾಯವೇ ಆಧಾರ.

ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ. ಕೆರೆ, ಗೋಮಾಳ ಮತ್ತು ಅಂತರ್ಜಲ ಆ ಬಗೆಯವು. ಬಳಸುವವರನ್ನು ತಡೆಯುವುದು ಕಷ್ಟ. ಆದರೆ ಬಳಸಿದಷ್ಟೂ ಇತರರಿಗೆ ಕಡಿಮೆಯಾಗುತ್ತದೆ. ಒಬ್ಬರು ಇನ್ನೂ ಆಳಕ್ಕೆ ಕೊಳವೆಬಾವಿ ಕೊರೆಸಿದರೆ ನೆರೆಯವರ ಬಾವಿ ಬತ್ತುತ್ತದೆ; ಅವರೂ ಸಾಲ ಮಾಡಿ ಮತ್ತಷ್ಟು ಆಳಕ್ಕೆ ಇಳಿಯುತ್ತಾರೆ. ಪ್ರತಿಯೊಬ್ಬರ ಲೆಕ್ಕವೂ ಸರಿ, ಊರಿನ ಲೆಕ್ಕ ಮಾತ್ರ ತಪ್ಪು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾಗಿರುವುದರಿಂದ, ಎತ್ತಿದ ನೀರಿನ ಬೆಲೆ ರೈತರ ಅರಿವಿಗೂ ಬರುವುದಿಲ್ಲ.

ಮುತ್ತಿನಮುಳುಸೋಗೆ ಬಳಿ ಕಾವೇರಿಯಿಂದ ನೀರೆತ್ತಿ ತಾಲ್ಲೂಕಿನ 150 ಕೆರೆಗಳನ್ನು ತುಂಬಿಸುವ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಿಗೂ ಜೀವ ಬರುತ್ತದೆ. ನೀರೆತ್ತುವುದು ಸರ್ಕಾರದ ಕೆಲಸ. ಆದರೆ ಏರಿ, ತೂಬು, ಕೋಡಿ ಮತ್ತು ಕಾಲುವೆಗಳನ್ನು ಕಾಯುವುದು ಊರಿನವರಿಂದಲೇ ಆಗಬೇಕು. ಕಾಲುವೆಯ ಹತ್ತು ಅಡಿಯನ್ನು ಒಬ್ಬರು ಒತ್ತುವರಿ ಮಾಡಿದರೆ ಲಾಭ ಅವರೊಬ್ಬರಿಗೆ, ನಷ್ಟ ಇಡೀ ಅಚ್ಚುಕಟ್ಟಿಗೆ. ಪಂಜಾಬಿನ ಗ್ರಾಮವೊಂದರ ಕೊಳದ ಒತ್ತುವರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ತೀರ್ಪು ನೀಡಿ, ಗ್ರಾಮಗಳ ಸಾಮುದಾಯಿಕ ಭೂಮಿಯ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು.

ಇಂತಹ ಸೊತ್ತನ್ನು ಬಳಸುವವರೇ ನಿಯಮ ರೂಪಿಸಿ, ಪರಸ್ಪರ ಕಾವಲಿದ್ದು, ತಪ್ಪಿದವರಿಗೆ ದಂಡ ವಿಧಿಸಿದರೆ ಅದು ಉಳಿಯಬಲ್ಲದೆಂದು ಎಲಿನಾರ್ ಓಸ್ಟ್ರಾಮ್ ಹಲವು ದೇಶಗಳ ಅಧ್ಯಯನದಿಂದ ತೋರಿಸಿದರು. 2009ರಲ್ಲಿ ಅವರು ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು. ಹಳೆಯ ಮೈಸೂರು ಸೀಮೆಗೆ ಈ ತತ್ತ್ವ ಹೊಸದಲ್ಲ. ನೀರುಗಂಟಿಯು ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದನು. ರೈತರು ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಮನೆಯ ಲಾಭವೂ ಊರಿನ ಲಾಭವೂ ಒಂದೇ ಗಾಡಿಯಲ್ಲಿ ಸಾಗುತ್ತಿದ್ದವು.

ಕ್ರಿಯಾ ಯೋಜನೆಗೆ ಅನುಮೋದನೆ ನೀಡುವ ಮುನ್ನ ಪ್ರತಿ ಕಾಮಗಾರಿಯ ಮುಂದೆ ಮೂರು ಪ್ರಶ್ನೆಗಳನ್ನು ಬರೆದುಕೊಳ್ಳುವುದು ಉಚಿತ. ಇದನ್ನು ಒಬ್ಬ ವ್ಯಕ್ತಿ ತನ್ನ ಹಣದಿಂದ ಮಾಡಿಕೊಳ್ಳಬಲ್ಲನೇ? ಪಂಚಾಯಿತಿ ಮಾಡದಿದ್ದರೆ ಬೇರೆ ಯಾರಾದರೂ ಮಾಡುವರೇ? ಮಾಡಿದ ಬಳಿಕ ಅದನ್ನು ಕಾಯುವವರು ಯಾರು? ಮೊದಲೆರಡು ಪ್ರಶ್ನೆಗಳಿಗೆ ‘ಇಲ್ಲ’ ಎಂಬ ಉತ್ತರ ಬಂದ ಕಾಮಗಾರಿಗೆ ಪಂಚಾಯಿತಿಯ ಹಣ ಮೊದಲು ಸಲ್ಲಲಿ. ಮೂರನೆಯ ಪ್ರಶ್ನೆಗೆ ಉತ್ತರವನ್ನು ಗ್ರಾಮಸಭೆಯಲ್ಲಿಯೇ ನಿರ್ಣಯಿಸಿ, ನಡವಳಿ ಪುಸ್ತಕದಲ್ಲಿ ದಾಖಲಿಸಲಿ.