ವಿಮಾನ ನಿಂತಲ್ಲಿಂದ ನಡಿಗೆ



ರಾಮಾಯಣದಲ್ಲಿ ಶ್ರೀರಾಮನ ವನಪ್ರಯಾಣ ಆರಂಭವಾಗುವುದು ರಥದಲ್ಲಿ. ಗಂಗೆಯ ದಡದಲ್ಲಿ ಅವನು ಸುಮಂತ್ರನನ್ನು ರಥಸಮೇತ ಹಿಂದಕ್ಕೆ ಕಳುಹಿಸಿ, ದೋಣಿಯಲ್ಲಿ ಹೊಳೆಯನ್ನು ದಾಟಿ, ಅಲ್ಲಿಂದ ಮುಂದೆ ಕಾಲ್ನಡಿಗೆಯಲ್ಲಿ ಸಾಗುತ್ತಾನೆ. ಹಿಂದಿರುಗುವಾಗ ಮಾತ್ರ ಪುಷ್ಪಕ ವಿಮಾನ. ಆಕಾಶಮಾರ್ಗದಲ್ಲಿ ಬರುತ್ತ ಕಿಷ್ಕಿಂಧೆಯನ್ನೂ ಪಂಪೆಯನ್ನೂ ತಮ್ಮ ಎಲೆಮನೆಯಿದ್ದ ಎಡೆಯನ್ನೂ ಸೀತೆಗೆ ಬೆರಳುಮಾಡಿ ತೋರಿಸುತ್ತಾನೆ. ನಡೆದ ನೆಲವಾದುದರಿಂದಲೇ ಅದನ್ನು ಅವನು ಮೇಲಿನಿಂದ ಗುರುತಿಸಬಲ್ಲವನಾದ.

ನಮ್ಮ ಕಾಲದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೊದಲು ವಿಮಾನ, ಆಮೇಲೆ ನಡಿಗೆ. ರಸ್ತೆಯಿಲ್ಲದ ಬೆಟ್ಟದ ಮಡಿಲಿನಲ್ಲಿ ಒಂದು ಗೇಣು ಬಯಲು. ಅಲ್ಲಿ ಒಂದು ಪುಟ್ಟ ವಿಮಾನ ಇಳಿಯುತ್ತದೆ. ಇಳಿದವನು ಚೀಲವನ್ನು ಬೆನ್ನಿಗೇರಿಸಿಕೊಂಡು ಕಾಡಿನತ್ತ ಹೆಜ್ಜೆಯಿಡುತ್ತಾನೆ. ಇಂತಹ ಬಯಲನ್ನು ಏರ್‌ಸ್ಟ್ರಿಪ್ ಎನ್ನುತ್ತಾರೆ. ಅಲ್ಲಿಂದ ಆರಂಭವಾಗುವ ಚಾರಣದ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಕನ್ನಡದ ಮೇಷ್ಟರಿಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಿವೃತ್ತನಾದ ಮೇಲೆ ನನ್ನ ವಾಸ ವೈಟ್‌ಫೀಲ್ಡಿನಲ್ಲಿ. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯಕ್ಕೆಂದು ಹುಟ್ಟಿಕೊಂಡ ಆ ಊರು ಈಗ ಗಾಜಿನ ಕಟ್ಟಡಗಳ ಊರಾಗಿದೆ. ಪಕ್ಕದ ಕಾಡುಗೋಡಿಯ ಹೆಸರಿನಲ್ಲಿ ಕಾಡು ಇದೆ, ಊರಿನಲ್ಲಿ ಇಲ್ಲ. ಇಲ್ಲಿಯ ಕಚೇರಿಗಳಲ್ಲೂ ಎಲೆಕ್ಟ್ರಾನಿಕ್ ಸಿಟಿಯಲ್ಲೂ ದುಡಿಯುವ ಯುವಕ ಯುವತಿಯರು ವರ್ಷಕ್ಕೊಮ್ಮೆ ರಜೆ ಹೊಂದಿಸಿಕೊಂಡು ಹಿಮಾಲಯಕ್ಕೆ ಹೊರಡುತ್ತಾರೆ. ಲಿಫ್ಟಿನಲ್ಲಿ, ತರಕಾರಿ ಅಂಗಡಿಯಲ್ಲಿ, ನನ್ನ ಕಿವಿಗೆ ಪದೇ ಪದೇ ಬೀಳುತ್ತಿದ್ದ ಒಂದು ಹೆಸರು ಲುಕ್ಲಾ. ಕಡೆಗೊಮ್ಮೆ ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರು, "ಸಾರ್, ನೀವೂ ಬನ್ನಿ, ನಾಮ್ಚೆವರೆಗೆ ನಿಧಾನವಾಗಿ ನಡೆಯೋಣ" ಎಂದು ಕರೆದರು. ಹೋದೆ.

ಲುಕ್ಲಾ ಇರುವುದು ನೇಪಾಳದ ಪೂರ್ವಭಾಗದಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು ೨೮೬೦ ಮೀಟರ್ ಎತ್ತರದಲ್ಲಿ. ಗೌರೀಶಂಕರವೆಂದು ನಮ್ಮ ಹಿರಿಯರು ತಪ್ಪಾಗಿ ಕರೆಯುತ್ತಿದ್ದ ಎವರೆಸ್ಟಿನ ಬುಡಕ್ಕೆ ಹೋಗುವವರಲ್ಲಿ ಹೆಚ್ಚಿನವರು ವಿಮಾನದಿಂದ ಇಳಿಯುವುದು ಇಲ್ಲಿಯೇ. ೧೯೫೩ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಶಿಖರವನ್ನು ಏರಿದಾಗ ಈ ಸೌಕರ್ಯವಿರಲಿಲ್ಲ. ಆ ತಂಡ ನೂರಾರು ಹೊರೆಯಾಳುಗಳೊಡನೆ ಕಠ್ಮಂಡುವಿನ ಕಣಿವೆಯಿಂದ ಹದಿನೈದು ದಿನಗಳಿಗೂ ಮಿಗಿಲಾಗಿ ನಡೆದು ಬೆಟ್ಟದ ಸೆರಗನ್ನು ಮುಟ್ಟಿತ್ತು. ಇಂದು ಅದೇ ದೂರ ವಿಮಾನಕ್ಕೆ ಅರ್ಧ ಗಂಟೆ.

ಈ ಏರ್‌ಸ್ಟ್ರಿಪ್ಪನ್ನು ೧೯೬೪ರಲ್ಲಿ ಮಾಡಿಸಿದವರು ಎಡ್ಮಂಡ್ ಹಿಲರಿಯವರೇ. ಆದರೆ ಚಾರಣಿಗರಿಗಾಗಿ ಅಲ್ಲ. ೧೯೬೧ರಲ್ಲಿ ಖುಮ್‌ಜುಂಗ್ ಎಂಬ ಹಳ್ಳಿಯಲ್ಲಿ ಶೆರ್ಪಾ ಮಕ್ಕಳಿಗೆ ಅವರು ಶಾಲೆ ಕಟ್ಟಿಸಿದ್ದರು. ಹತ್ತಿರದ ಖುಂಡೆಯಲ್ಲಿ ಆಸ್ಪತ್ರೆ ಬರಬೇಕಾಗಿತ್ತು. ಅದು ೧೯೬೬ರಲ್ಲಿ ಬಂದಿತು. ತಗಡು, ಮೊಳೆ, ಔಷಧಿ ಎಲ್ಲವನ್ನೂ ಹೊರೆಯಾಳುಗಳ ಬೆನ್ನಿನ ಮೇಲೆ ವಾರಗಟ್ಟಲೆ ಸಾಗಿಸುವುದು ಕಷ್ಟವಾದುದರಿಂದ ವಿಮಾನ ಇಳಿಯಲು ಒಂದು ತಾಣ ಬೇಕಾಯಿತು. ಅವರು ಮೊದಲು ಕಣ್ಣಿಟ್ಟದ್ದು ಸಮತಟ್ಟಾದ ಹೊಲಗಳ ಮೇಲೆ. ಬೇಸಾಯಗಾರರು ಒಪ್ಪಲಿಲ್ಲ. ಆ ಬೆಟ್ಟಗಳಲ್ಲಿ ಸಮತಟ್ಟಾದ ನೆಲವೆಂದರೆ ಅನ್ನವೇ. ಕಡೆಗೆ ದೊರೆತದ್ದು ಲುಕ್ಲಾದ ಇಳಿಜಾರು.

ಆ ಇಳಿಜಾರನ್ನು ನೋಡಿಯೇ ತಿಳಿಯಬೇಕು. ನಮ್ಮ ದೇವನಹಳ್ಳಿಯ ನಿಲ್ದಾಣದ ಓಡುದಾರಿ ೪೦೦೦ ಮೀಟರ್ ಉದ್ದ. ಲುಕ್ಲಾದ್ದು ೫೨೭ ಮೀಟರ್. ಅದು ಮಟ್ಟಸವಾಗಿಲ್ಲ; ನೂರು ಅಡಿಗೆ ಸುಮಾರು ಹನ್ನೆರಡು ಅಡಿಯಂತೆ ಮೇಲಕ್ಕೆ ಏರುತ್ತದೆ. ಒಂದು ತುದಿಯಲ್ಲಿ ಬೆಟ್ಟದ ಗೋಡೆ, ಇನ್ನೊಂದು ತುದಿಯಲ್ಲಿ ಕೊರಕಲು. ವಿಮಾನ ಏರುಮುಖವಾಗಿ ಇಳಿಯುತ್ತದೆ. ಏರು ಅದರ ವೇಗವನ್ನು ಹಿಡಿದು ನಿಲ್ಲಿಸುತ್ತದೆ. ಹೊರಡುವಾಗ ಇಳಿಮುಖವಾಗಿ ಓಡುತ್ತದೆ. ಇಳಿಜಾರು ಅದಕ್ಕೆ ವೇಗ ಕೊಡುತ್ತದೆ. ಇಳಿಯಲು ಬಂದ ಚಾಲಕನಿಗೆ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸುವ ಅವಕಾಶವಿಲ್ಲ. ಪ್ರಪಂಚದ ಅಪಾಯದ ನಿಲ್ದಾಣಗಳ ಪಟ್ಟಿಯಲ್ಲಿ ಇದನ್ನು ಮೊದಲು ಹೇಳುತ್ತಾರೆ. ಆದರೆ ನನಗೆ ಆ ಓರೆಯಲ್ಲಿ ಬೇರೊಂದು ಅರ್ಥ ಕಂಡಿತು. ಅನ್ನ ಬೆಳೆಯುವ ನೆಲವನ್ನು ಬಿಟ್ಟುಕೊಡಲೊಲ್ಲದ ರೈತರ ಮಾತು ಅಲ್ಲಿ ಕಲ್ಲುಮಣ್ಣಿನ ಆಕಾರ ಪಡೆದು ನಿಂತಿದೆ.

ಕಟ್ಟುವಾಗ ನಡೆದ ಇನ್ನೊಂದು ಸಂಗತಿಯುಂಟು. ಪೊದೆ ಕಡಿದು, ಕಲ್ಲು ಆಯ್ದು, ಮಣ್ಣು ಹರಡಿದ ಮೇಲೂ ನೆಲ ಮೆತ್ತಗೆ ಉಳಿಯಿತು. ರೋಲರ್ ತರಲು ದಾರಿಯಿಲ್ಲ. ಹಿಲರಿಯವರು ಶೆರ್ಪಾ ಜನರಿಗೆ ಅಲ್ಲಿಯ ಮದ್ಯವನ್ನು ಕೊಡಿಸಿ, ಸಾಲುಸಾಲಾಗಿ ಕೈಕೋದು ನೆಲವನ್ನು ತುಳಿದು ಕುಣಿಯುವ ಅವರ ನೃತ್ಯವನ್ನು ಆ ಬಯಲಿನ ಮೇಲೆ ಮಾಡಿಸಿದರು. ನೆಲ ಗಟ್ಟಿಯಾಯಿತು. ಡಾಂಬರು ಬಂದದ್ದು ೨೦೦೧ರಲ್ಲಿ. ಹಾಗಾಗಿ ಮೂವತ್ತೇಳು ವರ್ಷ ವಿಮಾನಗಳು ಇಳಿದದ್ದು ಆ ಜನರ ಕಾಲುಗಳು ತುಳಿದು ಗಟ್ಟಿಮಾಡಿದ ಮಣ್ಣಿನ ಮೇಲೆ.

ಹಿಲರಿಯವರಿಗೆ ಈ ಬೆಟ್ಟದ ಹಾರಾಟ ದುಬಾರಿಯಾಯಿತು. ೧೯೭೫ರಲ್ಲಿ ಅವರು ಫಾಪ್ಲು ಎಂಬಲ್ಲಿ ಇನ್ನೊಂದು ಆಸ್ಪತ್ರೆ ಕಟ್ಟಿಸುತ್ತಿದ್ದಾಗ, ಅವರಿದ್ದಲ್ಲಿಗೆ ಹೊರಟ ಪತ್ನಿಯೂ ಕಿರಿಯ ಮಗಳೂ ಕಠ್ಮಂಡುವಿನಿಂದ ವಿಮಾನ ಮೇಲೇರಿದ ಕೂಡಲೇ ಅಪಘಾತದಲ್ಲಿ ತೀರಿಕೊಂಡರು. ಆಸ್ಪತ್ರೆಯ ಕೆಲಸ ನಿಲ್ಲಲಿಲ್ಲ.

ಇನ್ನು ನಡಿಗೆ. ಅಷ್ಟು ಎತ್ತರಕ್ಕೆ ಹೋದವರಿಗೆ ಆಶ್ಚರ್ಯವಾಗುವ ಸಂಗತಿಯೆಂದರೆ, ಲುಕ್ಲಾದಿಂದ ದಾರಿ ಮೊದಲು ಕೆಳಕ್ಕೆ ಇಳಿಯುತ್ತದೆ. ದೂಧ್‌ಕೋಸಿ ನದಿಯ ಕಣಿವೆಗೆ ಇಳಿದು ಫಾಕ್‌ಡಿಂಗ್‌ನಲ್ಲಿ ಒಂದು ರಾತ್ರಿ. ಮರುದಿನ ತೂಗುಸೇತುವೆಗಳನ್ನು ದಾಟುತ್ತ, ಮರಗಳ ನಡುವೆ ಏರುತ್ತ, ೩೪೪೦ ಮೀಟರಿನ ನಾಮ್ಚೆ ಬಜಾರು. ದಾರಿಯಲ್ಲಿ ಮಂತ್ರಾಕ್ಷರ ಕೆತ್ತಿದ ಬಂಡೆಗಳು. ಅವನ್ನು ಬಲಕ್ಕೆ ಬಿಟ್ಟುಕೊಂಡು ಹೋಗುವುದು ಅಲ್ಲಿಯ ಪದ್ಧತಿ. ಅಕ್ಕಿಮೂಟೆ, ಅನಿಲದ ಸಿಲಿಂಡರು, ಬಾಗಿಲ ಚೌಕಟ್ಟು, ಎಲ್ಲವೂ ಮನುಷ್ಯರ ಬೆನ್ನಿನ ಮೇಲೋ ದನಗಳ ಬೆನ್ನಿನ ಮೇಲೋ ನಮ್ಮ ಪಕ್ಕದಲ್ಲಿಯೇ ಏರುತ್ತಿರುತ್ತವೆ. ನಾವು ನಿರ್ಜನವಾದ ಅರಣ್ಯಕ್ಕೆ ಬಂದಿದ್ದೇವೆಂದು ಅಂದುಕೊಂಡಿರುತ್ತೇವೆ. ಬಂದದ್ದು ಯಾರದೋ ಮನೆಯಂಗಳಕ್ಕೆ.

ಮರಳುವ ದಾರಿಯಲ್ಲಿ ಲುಕ್ಲಾಕ್ಕೆ ಬಂದಾಗ ಮೋಡ ಕವಿದಿತ್ತು. ಅಲ್ಲಿ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತಿನಲ್ಲಿ ಹಾರುತ್ತವೆ. ಹೊತ್ತೇರಿದಂತೆ ಗಾಳಿ, ಮೋಡ. ಎರಡು ದಿನ ಒಂದು ವಿಮಾನವೂ ಬರಲಿಲ್ಲ. ಮೂರನೆಯ ಬೆಳಗ್ಗೆ ಬಂದ ಮೊದಲ ವಿಮಾನದಲ್ಲಿ ನಮ್ಮ ಹೆಸರಿತ್ತು. ಅಷ್ಟರಲ್ಲಿ ಮೇಲಿನ ಹಳ್ಳಿಯೊಂದರಿಂದ ಉಸಿರಾಟದ ತೊಂದರೆಯ ಮುದುಕಿಯೊಬ್ಬಳನ್ನು ಹೊತ್ತು ತಂದರು, ಜೊತೆಗೆ ಸೊಸೆ. ನಮ್ಮಲ್ಲಿ ಇಬ್ಬರು ಸ್ಥಳ ಬಿಡಬೇಕೆಂದರು. ನನ್ನ ವಿದ್ಯಾರ್ಥಿಯೊಬ್ಬನಿಗೆ ಸೋಮವಾರ ಕಚೇರಿಯಲ್ಲಿ ತುರ್ತು ಕೆಲಸವಿತ್ತು. "ಸಾರ್, ನಾವು ತಿಂಗಳ ಹಿಂದೆಯೇ ದುಡ್ಡು ಕಟ್ಟಿದ್ದೇವಲ್ಲ" ಎಂದ ಕನ್ನಡದಲ್ಲಿ. ನಾವು ತಂಗಿದ್ದ ಮನೆಯ ಒಡತಿ ಪಕ್ಕದಲ್ಲಿ ನಿಂತಿದ್ದಳು. ಆಕೆಗೆ ಕನ್ನಡ ತಿಳಿಯದು, ಮುಖ ತಿಳಿಯಿತು. ಓಡುದಾರಿಯನ್ನು ತೋರಿಸಿ ತನ್ನ ಹರುಕುಮುರುಕು ಹಿಂದಿಯಲ್ಲಿ, "ಅಲ್ಲಿ ನಮ್ಮ ಅಮ್ಮ ಕುಣಿದಿದ್ದಳು" ಎಂದಳು. ಅದರಲ್ಲಿ ಆಕ್ಷೇಪಣೆಯಿರಲಿಲ್ಲ, ಒಂದು ಸುದ್ದಿಯನ್ನು ತಿಳಿಸುವ ದನಿಯಷ್ಟೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೇ ಹೋಗಿ ಮುದುಕಿಯ ಗಂಟನ್ನು ವಿಮಾನದ ಬಾಗಿಲವರೆಗೆ ಒಯ್ದು ಕೊಟ್ಟು ಬಂದ. ನಾನೂ ಅವನೂ ಮಧ್ಯಾಹ್ನದೊಳಗೆ ಮತ್ತೊಂದರಲ್ಲಿ ಹೊರಟೆವು.

ಈ ಮಾತು ಲುಕ್ಲಾಕ್ಕೆ ಮಾತ್ರ ಸಲ್ಲುವುದಲ್ಲ. ನಮ್ಮ ದೇಶದಲ್ಲಿಯೇ ಇನ್ನೊಂದು ವಿಜಯನಗರವಿದೆ. ಹಂಪೆಯದಲ್ಲ, ಅರುಣಾಚಲ ಪ್ರದೇಶದ ಚಾಂಗ್‌ಲಾಂಗ್ ಜಿಲ್ಲೆಯದು. ಮೂರು ಕಡೆ ಮ್ಯಾನ್ಮಾರ್, ಇನ್ನೊಂದು ಕಡೆ ೧೯೮೩ರಲ್ಲಿ ರಾಷ್ಟ್ರೀಯ ಉದ್ಯಾನವಾದ ನಾಮ್‌ದಾಫಾ ಅರಣ್ಯ. ೧೯೬೧ರಲ್ಲಿ ಅಸ್ಸಾಂ ರೈಫಲ್ಸ್ ಪಡೆ ಅಲ್ಲಿಗೆ ತಲುಪಿದಾಗ ಅದರ ಮುಖ್ಯಸ್ಥರು ತಮ್ಮ ಮಗ ವಿಜಯನ ಹೆಸರನ್ನು ಆ ಎಡೆಗೆ ಇಟ್ಟರು. ಲಿಸು ಜನರ ಹಳ್ಳಿಗಳೂ, ನಿವೃತ್ತ ಸೈನಿಕರ ಮನೆಗಳೂ ಇರುವ ಆ ಕಣಿವೆಗೆ ಮಿಯಾವ್ ಪಟ್ಟಣದಿಂದ ೧೫೭ ಕಿಲೋಮೀಟರ್. ದಶಕಗಳ ಕಾಲ ಅಲ್ಲಿಗೆ ದಾರಿಗಳು ಎರಡೇ: ಹವೆ ಒಪ್ಪಿದರೆ ವಾಯುಸೇನೆಯ ವಿಮಾನ ಅಥವಾ ಹೆಲಿಕಾಪ್ಟರು, ಇಲ್ಲವಾದರೆ ಹುಲಿಯೂ ಹೂಲಾಕ್ ಮಂಗಗಳೂ ಇರುವ ಕಾಡಿನೊಳಗೆ ವಾರದ ನಡಿಗೆ. ನಮಗೆ ಚಾರಣವೆನಿಸುವುದು ಅವರಿಗೆ ಉಪ್ಪು ತರುವ ಕೆಲಸವಾಗಿತ್ತು. ಹದಗೆಟ್ಟಿದ್ದ ಅಲ್ಲಿಯ ಓಡುದಾರಿ ದುರಸ್ತಿಯಾಗಿ ಮತ್ತೆ ವಿಮಾನ ಇಳಿದದ್ದು ೨೦೧೯ರಲ್ಲಿ.

ಸಮುದ್ರದಾಚೆಗೆ ನೋಡಿದರೂ ಇದೇ. ಅಮೆರಿಕದಲ್ಲಿ ೧೯೬೪ರಲ್ಲಿ, ಲುಕ್ಲಾದಲ್ಲಿ ಕುಣಿತ ನಡೆದ ವರ್ಷವೇ, ವನ್ಯಪ್ರದೇಶಗಳನ್ನು ಕಾಯುವ ಕಾನೂನು ಬಂದಿತು. ರಸ್ತೆ ಕೂಡದು, ಮೋಟಾರು ಕೂಡದು ಎಂದ ಆ ಕಾನೂನು, ಮೊದಲಿನಿಂದಲೂ ವಿಮಾನ ಇಳಿಯುತ್ತಿದ್ದ ಕಡೆಗಳಲ್ಲಿ ಅದು ಮುಂದುವರಿಯಲು ಅವಕಾಶವಿತ್ತಿತು. ಐಡಹೊ ಸಂಸ್ಥಾನದಲ್ಲಿ ೧೯೮೦ರಲ್ಲಿ ರಕ್ಷಣೆ ಪಡೆದ ಇಪ್ಪತ್ತು ಲಕ್ಷ ಎಕರೆಗೂ ಮಿಕ್ಕಿದ ಕಾಡಿನೊಳಗೆ ಹುಲ್ಲಿನ ಏರ್‌ಸ್ಟ್ರಿಪ್ಪುಗಳು ಈಗಲೂ ಉಂಟು. ನದೀಕಣಿವೆಯ ಒಂಟಿಮನೆಗಳಿಗೆ ಅಂಚೆ ತಲುಪುವುದು ಆ ಮೂಲಕ. ಚಾರಣಿಗರು ಇಳಿದು ನಡೆಯುವುದೂ ಅಲ್ಲಿಂದಲೇ. ಇದರಲ್ಲಿ ಒಂದು ವಿವೇಕವಿದೆ. ರಸ್ತೆಯ ಹಿಂದೆ ಲಾರಿ, ಲಾರಿಯ ಹಿಂದೆ ಅಂಗಡಿ, ಅಂಗಡಿಯ ಹಿಂದೆ ಊರು ಬರುತ್ತದೆ. ಪುಟ್ಟ ವಿಮಾನ ತರುವುದು ತಾನು ಹೊರಬಲ್ಲಷ್ಟನ್ನೇ. ಇಳಿದವನು ಒಯ್ಯುವುದು ತನ್ನ ಬೆನ್ನು ಹೊರಬಲ್ಲಷ್ಟನ್ನೇ. ಹಾಗೆಂದು ರಸ್ತೆ ಬೇಡವೆಂದು ವೈಟ್‌ಫೀಲ್ಡಿನಲ್ಲಿ ಕುಳಿತು ಹೇಳುವ ಅಧಿಕಾರ ನನಗಿಲ್ಲ. ವಿಜಯನಗರದವರು ರಸ್ತೆ ಕೇಳುತ್ತ ಬಂದವರು. ಲುಕ್ಲಾದ ಸಮೀಪಕ್ಕೂ ಜೀಪಿನ ದಾರಿ ಬರುತ್ತಿದೆ. ಅದನ್ನು ತೀರ್ಮಾನಿಸಬೇಕಾದವರು ಹೊರೆ ಹೊರುವವರು, ನೋಡಲು ಹೋಗುವವರಲ್ಲ.

ಈ ಹಾರಾಟದಲ್ಲಿ ನಮ್ಮ ಊರಿಗೂ ಪಾಲುಂಟು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ ಬೆಂಗಳೂರಿನ ಪೂರ್ವಕ್ಕೆ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದರ ನೆರಳಲ್ಲಿ ವಿಮಾನಪುರವೆಂಬ ಬಡಾವಣೆಯೇ ಬೆಳೆಯಿತು. ೧೯೫೮ರಲ್ಲಿ ಅಲ್ಲಿ ತಯಾರಾದ ಇಬ್ಬರು ಕೂರುವ ವಿಮಾನಕ್ಕೆ ಪುಷ್ಪಕ್ ಎಂದೇ ಹೆಸರು. ಲುಕ್ಲಾದಲ್ಲಿ ಇಳಿಯುವ ಡಾರ್ನಿಯರ್ ೨೨೮ರ ಜಾತಿಯ ವಿಮಾನವನ್ನು ಅದೇ ಸಂಸ್ಥೆ ಕಾನ್ಪುರದಲ್ಲಿ ತಯಾರಿಸುತ್ತದೆ. ೨೦೨೨ರಿಂದ ಅದು ಅಸ್ಸಾಮಿನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ನಾಗರಿಕರನ್ನು ಒಯ್ದಿದೆ. ವಾಯುಸೇನೆಯ ಸಾರಿಗೆ ವಿಮಾನಗಳ ಚಾಲಕರಲ್ಲಿ ಎಷ್ಟೋ ಮಂದಿ ಕಲಿತದ್ದು ನಮ್ಮ ಯಲಹಂಕದ ಆಕಾಶದಲ್ಲಿ. ಒಂದೇ ವ್ಯತ್ಯಾಸ: ಇಲ್ಲಿಯ ಹೊಲಗಳು ಸಮತಟ್ಟಾಗಿದ್ದುವು, ಓಡುದಾರಿಗೆ ಒದಗಿದುವು. ಆಮೇಲೆ ರಸ್ತೆ ಬಂದಿತು, ರಸ್ತೆಯ ಹಿಂದೆ ಉಳಿದದ್ದೆಲ್ಲವೂ ಬಂದಿತು. ರಾಗಿ ಬೆಳೆಯುತ್ತಿದ್ದ ಆ ನೆಲವನ್ನು ಹದ ಮಾಡಿದವರು ಯಾರೆಂದು ನಮ್ಮಲ್ಲಿ ಹೇಳುವವರು ಈಗ ವಿರಳ. ಲುಕ್ಲಾದ ಆ ಒಡತಿಗೆ ತಿಳಿದಿತ್ತು.

ಆದುದರಿಂದ ಹೊರಡಲಿರುವ ತರುಣ ಮಿತ್ರರಿಗೆ ನನ್ನ ಸೂಚನೆ ಇಷ್ಟೆ. ಹೋಗಿ, ಹೋಗದೆ ಇರಬೇಡಿ. ರಜೆಯಲ್ಲಿ ಮೂರು ನಾಲ್ಕು ದಿನ ಹೆಚ್ಚಾಗಿ ಇಟ್ಟುಕೊಂಡು ಹೋಗಿ. ನಿಮ್ಮ ಸ್ಥಳ ಇನ್ನೊಬ್ಬರಿಗೆ ಬೇಕಾದರೆ ನಗುಮುಖದಿಂದ ಬಿಡಲು ಅನುಕೂಲವಾಗುತ್ತದೆ. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ. ಅಲ್ಲಿ ಅದನ್ನು ಸಾಗಿಸುವುದಕ್ಕೂ ಒಂದು ಬೆನ್ನು ಬೇಕು. ವಿಮಾನದಿಂದ ಇಳಿದೊಡನೆ ಮೇಲಕ್ಕೆ ಓಡಬೇಡಿ. ಅರ್ಧ ಗಂಟೆಯಲ್ಲಿ ಅಷ್ಟು ಎತ್ತರಕ್ಕೇರಿದ ಶರೀರ ಹೊಂದಿಕೊಳ್ಳಲು ದಿನಗಳನ್ನು ಕೇಳುತ್ತದೆ. ಕಾಲಾವಕಾಶವಿದ್ದವರಿಗೆ ಹಳೆಯ ದಾರಿ ಈಗಲೂ ಇದೆ: ಜೀರಿ ಎಂಬ ಊರಿನಿಂದ ಲುಕ್ಲಾದ ಕಡೆಗೆ ಸುಮಾರು ಒಂದು ವಾರದ ನಡಿಗೆ, ಹೊಲಗಳ ನಡುವೆ, ಹಳ್ಳಿಗಳ ನಡುವೆ. ಹಾಗೆ ನಡೆದು ಹೋಗಿ, ಬರುವಾಗ ವಿಮಾನ ಹತ್ತಿದರೆ, ಕಿಟಕಿಯಿಂದ ಕಾಣುವ ಒಂದೊಂದು ದಿಣ್ಣೆಯನ್ನೂ ಪಕ್ಕದವರಿಗೆ ಹೆಸರು ಹಿಡಿದು ತೋರಿಸಬಹುದು.