ಕಾಲ್‌ಶೀಟ್ ಲೆಕ್ಕ: ಹೈದರಾಬಾದಿನಲ್ಲಿ ಮೊದಲ ಸಲ ಕಾಂಟ್ರಾಕ್ಟ್‌ಗೆ ಇಳಿಯೋರಿಗೆ

ಇವತ್ತಿನ ವಿಷಯ ದಿನದ ರೇಟು ಮತ್ತು ಖರ್ಚು. ಟಿಡಿಎಸ್ ಅಂದ್ರೇನು, ಜಿಎಸ್‌ಟಿ ನಂಬರ್ ತಗೊಳ್ಳೋದು ಹೇಗೆ, ಇನ್‌ವಾಯ್ಸ್ ನಮೂನೆ ಎಲ್ಲಿ ಸಿಗುತ್ತೆ, ಇವನ್ನೆಲ್ಲ ನೀವು ಆಗಲೇ ಹುಡುಕಿ ನೋಡಿರ್ತೀರಿ. ಅದಕ್ಕೆ ನಾನು ಕೈ ಹಾಕಲ್ಲ. ನಾನು ಶುರು ಮಾಡೋದು ಒಂದು ಮುಷ್ಕರದಿಂದ.

2025ರ ಆಗಸ್ಟ್ 4ರಂದು ಹೈದರಾಬಾದಿನಲ್ಲಿ ತೆಲುಗು ಸಿನಿಮಾ ಶೂಟಿಂಗ್‌ಗಳು ನಿಂತುಹೋದವು. ಲೈಟ್‌ಬಾಯ್, ಡ್ರೈವರ್, ಕಾಸ್ಟ್ಯೂಮ್, ಮೇಕಪ್, ಡ್ಯಾನ್ಸರ್, ಹೀಗೆ 24 ಕ್ರಾಫ್ಟ್‌ಗಳ ಕಾರ್ಮಿಕರ ಒಕ್ಕೂಟ ದಿನಗೂಲಿ ಶೇಕಡಾ 30ರಷ್ಟು ಏರಬೇಕು, ಏರಿದ ಕೂಲಿ ಅದೇ ದಿನ ಕೈಗೆ ಬರಬೇಕು ಅಂತ ಪಟ್ಟು ಹಿಡಿದಿತ್ತು. ನಿರ್ಮಾಪಕರು ಒಪ್ಪಲಿಲ್ಲ. ಕೊನೆಗೆ ಕಾರ್ಮಿಕ ಇಲಾಖೆ ಮಧ್ಯೆ ಬಂದು, ಮುಖ್ಯಮಂತ್ರಿಯೂ ಮಾತಾಡಿ, ಆಗಸ್ಟ್ 21ಕ್ಕೆ ಒಪ್ಪಂದ ಆಯ್ತು. ದಿನಕ್ಕೆ 2,000 ರೂಪಾಯಿಗಿಂತ ಕಡಿಮೆ ಇದ್ದವರಿಗೆ ಮೊದಲ ವರ್ಷ ಶೇಕಡಾ 15, ಎರಡನೇ ವರ್ಷ 2.5, ಮೂರನೇ ವರ್ಷ 5. ಎರಡರಿಂದ ಐದು ಸಾವಿರದ ನಡುವೆ ಇದ್ದವರಿಗೆ 7.5, 5, 5.

ಸುದ್ದಿಯಲ್ಲಿ ಎಲ್ಲರೂ ನೋಡಿದ್ದು ಈ ಪರ್ಸೆಂಟೇಜ್‌ಗಳನ್ನ. ನನ್ನನ್ನ ಹಿಡಿದು ನಿಲ್ಲಿಸಿದ್ದು ಅದರ ಪಕ್ಕದಲ್ಲೇ ನಡೆದ ಇನ್ನೊಂದು ಜಗಳ. ಕಾಲ್‌ಶೀಟ್, ಅಂದ್ರೆ ಶೂಟಿಂಗ್‌ನ ಒಂದು ದಿನದ ಪಾಳಿ, ಎಷ್ಟು ಹೊತ್ತಿಗೆ ಶುರು ಆಗಬೇಕು? ಯಾವ ಭಾನುವಾರಕ್ಕೆ ಡಬಲ್ ಕಾಲ್‌ಶೀಟ್ ಕೊಡಬೇಕು, ಯಾವುದಕ್ಕೆ ಒಂದೇ ಸಾಕು? ಅಂದ್ರೆ ರೇಟಿನ ಜೊತೆಜೊತೆಗೇ "ದಿನ" ಅಂದ್ರೆ ಎಷ್ಟು ಅನ್ನೋದರ ಮೇಲೂ ಚೌಕಾಸಿ ನಡೀತಿತ್ತು. ಕೃಷ್ಣಾನಗರದಲ್ಲಿ ಬೆಳಗಾಗೋಕೆ ಮುಂಚೆ ಯೂನಿಟ್ ಗಾಡಿಗೆ ಕಾಯೋ ಲೈಟ್‌ಬಾಯ್‌ಗೆ ತನ್ನ ದಿನ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ, ಮುಗಿದ ಮೇಲೂ ನಿಲ್ಲಿಸಿಕೊಂಡ್ರೆ ಒಂದೂವರೆ ಕಾಲ್‌ಶೀಟೋ ಎರಡೋ, ಊರ ಹೊರಗೆ ಹೋದ್ರೆ ಬಾಟಾ, ಅಂದ್ರೆ ದಿನದ ಭತ್ಯೆ, ಎಷ್ಟು, ಎಲ್ಲ ಗೊತ್ತು. ಅಲ್ಲಿಂದ ಕೆಲವೇ ಕಿಲೋಮೀಟರ್ ಆಚೆ, ಮಾದಾಪುರದಲ್ಲಿ ಹನ್ನೆರಡು ವರ್ಷ ನೌಕರಿ ಮಾಡಿ ಮೊದಲ ಸಲ ಕಾಂಟ್ರಾಕ್ಟ್‌ಗೆ ಇಳಿಯೋ ಇಂಜಿನಿಯರ್‌ಗೆ ಇದರಲ್ಲಿ ಒಂದೂ ಗೊತ್ತಿರಲ್ಲ. ಆತ ಕೇಳೋದು ಒಂದೇ ಪ್ರಶ್ನೆ: "ದಿನಕ್ಕೆ ಎಷ್ಟು ಕೇಳಲಿ?"

ಬೀದರ್, ಕಲಬುರಗಿ, ರಾಯಚೂರಿನಿಂದ ಬಂದು ಇಲ್ಲಿ ನೆಲೆಸಿರೋ ನಮ್ಮವರು ಬಹಳ ಜನ. ಸಾಫ್ಟ್‌ವೇರ್‌ನಲ್ಲಿದ್ದಾರೆ, ಎಡಿಟಿಂಗ್‌ನಲ್ಲಿದ್ದಾರೆ. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ರಾಮೋಜಿ ಫಿಲ್ಮ್ ಸಿಟಿಯಿಂದ ಶುರುವಾದಾಗ ಬಂದ ಪತ್ರಕರ್ತರಿದ್ದಾರೆ. 'ಆರ್‌ಆರ್‌ಆರ್', 'ಪುಷ್ಪ' ಥರದ ಸಿನಿಮಾ ಕನ್ನಡದಲ್ಲೂ ಬರೋಕೆ ಶುರುವಾದ ಮೇಲೆ ಡಬ್ಬಿಂಗ್, ಸಬ್‌ಟೈಟಲ್ ಕೆಲಸಕ್ಕೆ ಕೈ ಹಾಕಿದವರೂ ಇದ್ದಾರೆ. ಇವರೆಲ್ಲರಿಗೂ ಆಫೀಸಿನ ಗೆಳೆಯರು ಹೇಳಿಕೊಡೋ ಸೂತ್ರ ಒಂದೇ. ತಿಂಗಳ ಸಂಬಳ ತಗೋ, 22ರಿಂದ ಭಾಗಿಸು, ಬಂದದ್ದು ನಿನ್ನ ರೇಟು.

ಈ ಸೂತ್ರದ ಮೇಲೆ ನನಗೆ ಸಿಟ್ಟಿದೆ. ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ.

ತಿಂಗಳಿಗೆ ಒಂದು ಲಕ್ಷ ಸಂಬಳ ಅಂತ ಇಟ್ಕೊಳ್ಳಿ. 22ರಿಂದ ಭಾಗಿಸಿದ್ರೆ ದಿನಕ್ಕೆ ಸುಮಾರು 4,545. ಈಗ 22ನ್ನ 12ರಿಂದ ಗುಣಿಸಿ: 264. ವರ್ಷದಲ್ಲಿ ಶನಿವಾರ ಭಾನುವಾರ ತೆಗೆದ್ರೆ ಉಳಿಯೋದೇ 261 ದಿನ. ಅಂದ್ರೆ ಈ ಸೂತ್ರದ ಪ್ರಕಾರ ಸಂಕ್ರಾಂತಿ ಇಲ್ಲ, ಬೋನಾಲು ಇಲ್ಲ, ದಸರಾ ಇಲ್ಲ, ನಿಮಗೆ ಜ್ವರ ಬರಲ್ಲ, ಒಂದು ಕಾಂಟ್ರಾಕ್ಟ್ ಮುಗಿದ ಮಾರನೇ ದಿನವೇ ಇನ್ನೊಂದು ಕಾದಿರುತ್ತೆ. ನೌಕರಿಯಲ್ಲಿ ಇದ್ದಾಗ ಹಬ್ಬದ ದಿನಕ್ಕೂ ಸಂಬಳ ಬರ್ತಿತ್ತು, ಹಾಗಾಗಿ ಆ ದಿನಗಳಿಗೂ ಬೆಲೆ ಇದೆ ಅನ್ನೋದೇ ಮರೆತುಹೋಗಿರುತ್ತೆ.

261ರಲ್ಲಿ ಹಬ್ಬಕ್ಕೆ 12 ತೆಗೀರಿ, ರಜೆ ಮತ್ತು ಕಾಯಿಲೆಗೆ 18 ತೆಗೀರಿ, 231 ಉಳೀತು. ಹೊಸ ಕ್ಲೈಂಟ್ ಹುಡುಕೋದು, ಅವರ ಜೊತೆ ಮಾತುಕತೆ, ಬಿಲ್ಲು, ಲೆಕ್ಕಪತ್ರ, ಕಾಂಟ್ರಾಕ್ಟ್‌ಗಳ ನಡುವಿನ ಖಾಲಿ ವಾರಗಳು, ಇದಕ್ಕೆಲ್ಲ ಒಂದು 50 ದಿನ. ದುಡ್ಡು ತರೋ ದಿನಗಳು ಹೆಚ್ಚುಕಡಿಮೆ 180. ಇನ್ನು ಭಾಗಿಸಬೇಕಾದ ಮೊತ್ತ. 12 ಲಕ್ಷ ಸಂಬಳದ ಜೊತೆಗೆ ಕಂಪನಿ ಕಟ್ಟುತ್ತಿದ್ದ ಪಿಎಫ್ ಪಾಲು, ಗ್ರಾಚ್ಯುಟಿ, ಮನೆಯವರ ಆರೋಗ್ಯ ವಿಮೆ, ಲ್ಯಾಪ್‌ಟಾಪ್, ಇಂಟರ್ನೆಟ್, ಲೆಕ್ಕಪರಿಶೋಧಕರ ಫೀಸು ಎಲ್ಲ ಈಗ ನಿಮ್ಮ ತಲೆ ಮೇಲೆ. 15 ಲಕ್ಷ ಅಂತ ಇಟ್ಕೊಳ್ಳೋಣ. 15 ಲಕ್ಷವನ್ನ 180ರಿಂದ ಭಾಗಿಸಿದ್ರೆ 8,333. ಆ 4,545ಕ್ಕೂ ಈ 8,333ಕ್ಕೂ ಇರೋ ಅಂತರ ದುರಾಸೆಯಲ್ಲ. ನೌಕರಿಯಲ್ಲಿ ಕಾಣದೇ ಇದ್ದ ಖರ್ಚು ಅಷ್ಟೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. 180 ಎಲ್ಲರಿಗೂ ಸಲ್ಲೋ ಸಂಖ್ಯೆ ಅಲ್ಲ. ಒಂದೇ ಕಂಪನಿಗೆ ಇಡೀ ವರ್ಷದ ಕಾಂಟ್ರಾಕ್ಟ್ ಸಿಕ್ಕಿದ್ರೆ ಆ 50 ಖಾಲಿ ದಿನಗಳು ಬಹುಪಾಲು ಹೋಗ್ತವೆ, ರೇಟು ಇಳಿಸೋದರಲ್ಲಿ ನ್ಯಾಯ ಇದೆ. ಮೂರು ದಿನದ ಕೆಲಸಕ್ಕೆ ವರ್ಷದ ರೇಟು ಕೇಳೋ ಕ್ಲೈಂಟ್‌ಗೆ ಮಾತ್ರ ಒಪ್ಪಬೇಡಿ. ಹಾಗೆಯೇ ಬೆಳಗ್ಗೆ ಒಂಬತ್ತಕ್ಕೆ ಬಂದು ಸಂಜೆ ಆರಕ್ಕೆ ಹೋಗೋ, ಒಬ್ಬರೇ ಮ್ಯಾನೇಜರ್ ಕೈಕೆಳಗಿರೋ, ರಜೆಗೆ ಅನುಮತಿ ಕೇಳೋ ಮನುಷ್ಯನನ್ನ ಪಿಎಫ್ ಉಳಿಸೋಕೆ "ಕನ್ಸಲ್ಟೆಂಟ್" ಅಂತ ಕರೆಯೋದು ಅನ್ಯಾಯ. ಅಂಥ ಕೆಲಸವನ್ನ ನಾನು ಕಾಂಟ್ರಾಕ್ಟ್ ಅಂತ ಒಪ್ಪಲ್ಲ.

ಈಗ ಇನ್ನೊಂದು ವಾದ. "44ಎಡಿಎ ಇದೆಯಲ್ಲ, 24 ಲಕ್ಷದವರೆಗೆ ತೆರಿಗೆ ಸೊನ್ನೆ, ರೇಟು ಸ್ವಲ್ಪ ಕಡಿಮೆ ಆದ್ರೂ ನಷ್ಟ ಇಲ್ಲ" ಅಂತ ಹೇಳೋ ವಿಡಿಯೋಗಳು ನಿಮ್ಮ ಫೋನಿಗೂ ಬಂದಿರ್ತವೆ. ಅವರ ಲೆಕ್ಕ ಸರಿಯಾಗಿದೆ. ಆದಾಯ ತೆರಿಗೆ ಕಾಯ್ದೆಯ ಈ ಸೆಕ್ಷನ್ ಪ್ರಕಾರ ಪಟ್ಟಿಯಲ್ಲಿರೋ ವೃತ್ತಿಯವರು, ಅಂದ್ರೆ ಇಂಜಿನಿಯರಿಂಗ್, ತಾಂತ್ರಿಕ ಸಲಹೆ, ಮಾಹಿತಿ ತಂತ್ರಜ್ಞಾನ, ಸಿನಿಮಾದ ಎಡಿಟರ್, ಸಂಭಾಷಣೆಕಾರ ಇಂಥವರು, ಒಟ್ಟು ಬಿಲ್ಲಿನ ಅರ್ಧವನ್ನ ಲಾಭ ಅಂತ ತೋರಿಸಬಹುದು. ಮಿತಿ 50 ಲಕ್ಷ, ನಗದು ಶೇಕಡಾ 5 ಮೀರದಿದ್ರೆ 75 ಲಕ್ಷ. 24 ಲಕ್ಷದ ಅರ್ಧ 12 ಲಕ್ಷ, ಹೊಸ ತೆರಿಗೆ ಪದ್ಧತಿಯಲ್ಲಿ ಅಷ್ಟಕ್ಕೆ ರಿಯಾಯಿತಿ ಇದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ನಾನು ಹಳೇ ಸಂಖ್ಯೆಗಳನ್ನೇ ಹೇಳ್ತೀನಿ, ಜನರ ಬಾಯಲ್ಲಿ ಇನ್ನೂ ಅವೇ ಇವೆ.

ಆದರೆ ಅವರು ಮುಟ್ಟೋ ತೀರ್ಮಾನ ತಪ್ಪು. ಸಂಬಳದಾರನಿಗೂ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೆ ತೆರಿಗೆ ಇಲ್ಲ. ವರ್ಷಕ್ಕೆ 12 ಲಕ್ಷದ ನೌಕರಿ ಬಿಟ್ಟು ಬಂದವರಿಗೆ ಈ 44ಎಡಿಎಯಿಂದ ಹೊಸದಾಗಿ ಉಳಿಯೋದು ಏನೂ ಇಲ್ಲ, ಇಲ್ಲದ ಉಳಿತಾಯವನ್ನ ಲೆಕ್ಕಕ್ಕೆ ಹಿಡಿದು ರೇಟು ಇಳಿಸ್ತಾರೆ. ಜೊತೆಗೆ ಸೇವೆ ಕೊಡೋರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 24 ಲಕ್ಷಕ್ಕೆ ಹೋಗೋ ದಾರಿಯಲ್ಲೇ ಈ ಗಡಿ ಇದೆ. ಹಾಗಾಗಿ ಒಪ್ಪಂದದಲ್ಲಿ "ಜಿಎಸ್‌ಟಿ ಪ್ರತ್ಯೇಕ" ಅಂತ ಇಲ್ಲದೇ ಹೋದ್ರೆ, ನೋಂದಣಿ ಆದ ದಿನದಿಂದ ನಿಮ್ಮ 8,333 ರೂಪಾಯಿಯೊಳಗೇ ಶೇಕಡಾ 18 ಸೇರಿಕೊಂಡು ಕೈಗೆ 7,062 ಬರುತ್ತೆ. ವೆಂಡರ್ ಮೂಲಕ ಹೋಗೋರು ಇದನ್ನ ಬಾಯಿಮಾತಲ್ಲಿ ಕೇಳಿ ಬಿಡಬೇಡಿ, ಬರೆಸಿಕೊಳ್ಳಿ.

ಖರ್ಚಿಗೆ ಬರೋಣ. ಸಿನಿಮಾದವರಿಗೆ ಬಾಟಾ ಬೇರೆ, ಕೂಲಿ ಬೇರೆ. ಔಟ್‌ಡೋರ್ ಶೂಟಿಂಗ್‌ಗೆ ಹೋದ ಲೈಟ್‌ಬಾಯ್ ತನ್ನ ಕೂಲಿಯಿಂದ ಬಸ್ ಟಿಕೆಟ್ ತಗೊಳ್ಳಲ್ಲ. ನಮ್ಮ ಕಾಂಟ್ರಾಕ್ಟರ್ ತಗೊಳ್ತಾನೆ, ಆಮೇಲೆ ಕೇಳೋಕೆ ಮುಜುಗರ ಪಡ್ತಾನೆ.

ಲ್ಯಾಪ್‌ಟಾಪ್, ಮನೆಯ ಇಂಟರ್ನೆಟ್, ದಿನಾ ಮಿಯಾಪುರದಿಂದ ರಾಯದುರ್ಗಕ್ಕೆ ಮೆಟ್ರೋ ಚಾರ್ಜು ನಿಮ್ಮ ಖರ್ಚು. ಅದು ರೇಟಿನೊಳಗೇ ಇರಬೇಕು, ಅದಕ್ಕಾಗಿಯೇ 12 ಲಕ್ಷವನ್ನ 15 ಮಾಡಿದ್ದು. ಕ್ಲೈಂಟ್ ಕರೆದಿದ್ದಕ್ಕೆ ಮಾತ್ರ ಹುಟ್ಟೋ ಖರ್ಚು ಕ್ಲೈಂಟ್‌ದು. ಬೆಂಗಳೂರಿಗೆ ಬನ್ನಿ ಅಂತಾರೆ ಅಂತಿಟ್ಕೊಳ್ಳಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕಾಚಿಗುಡ–ಯಶವಂತಪುರ ವಂದೇ ಭಾರತ್ ಹತ್ತಿದ್ರೂ ಎಂಟು ಗಂಟೆಗಿಂತ ಹೆಚ್ಚು ಬೇಕು. ಟಿಕೆಟ್ ದುಡ್ಡು ಕೊಡ್ತಾರೆ, ಸರಿ, ಆ ದಿನದ ದುಡ್ಡು? ಪ್ರಯಾಣದ ದಿನ ಪೂರ್ತಿ ರೇಟೋ ಅರ್ಧವೋ ಅನ್ನೋದು ಮೊದಲೇ ಮಾತಾಗಬೇಕು. ನನ್ನ ಅಭಿಪ್ರಾಯದಲ್ಲಿ ಅರ್ಧಕ್ಕಿಂತ ಕಡಿಮೆ ಒಪ್ಪಬಾರದು, ಆ ದಿನವನ್ನ ನೀವು ಇನ್ನೊಬ್ಬರಿಗೆ ಮಾರೋಕಾಗಲ್ಲ. ಎರಡು ಗಂಟೆ ಮೀಟಿಂಗ್ ಅಂತ ಕರೆಸಿದ್ರೂ ಅರ್ಧ ದಿನ. ಹಿಂದಿನ ಸಂಜೆ ಫೋನ್ ಮಾಡಿ "ನಾಳೆ ಬೇಡ" ಅಂದ್ರೂ ಅರ್ಧ ದಿನ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸೂಕ್ಷ್ಮ ಇದೆ. ಖರ್ಚನ್ನ ಫೀಸಿನ ಬಿಲ್ಲಿನಲ್ಲೇ ಒಂದು ಸಾಲಾಗಿ ಸೇರಿಸಿದ್ರೆ ಏನಾಗುತ್ತೆ? ಬಿಲ್ಲಿನ ಮೊತ್ತದಿಂದ ಖರ್ಚನ್ನ ಕಳೆದು ಟಿಡಿಎಸ್ ಹಿಡಿಯೋ ಹಾಗಿಲ್ಲ ಅಂತ ನೇರ ತೆರಿಗೆ ಮಂಡಳಿ 1995ರ 715ನೇ ಸುತ್ತೋಲೆಯಲ್ಲೇ ಹೇಳಿದೆ. ಹಾಗಾಗಿ 20,000 ರೂಪಾಯಿ ಪ್ರಯಾಣದ ಖರ್ಚಿನ ಮೇಲೂ ಶೇಕಡಾ 10 ಅಂದ್ರೆ 2,000 ಹಿಡೀತಾರೆ. ನಿಮ್ಮ ತೆರಿಗೆ ವಿವರದ ಫಾರ್ಮ್ 26ಎಎಸ್‌ನಲ್ಲಿ ಆ 20,000 ನಿಮ್ಮ ಆದಾಯದ ಜೊತೆ ಕಾಣುತ್ತೆ. 44ಎಡಿಎ ಹಾಕಿದ್ರೆ ಪೂರ್ತಿ ಖರ್ಚಾಗಿ ಹೋದ ದುಡ್ಡಿನ ಅರ್ಧ, 10,000, ನಿಮ್ಮ ಲಾಭ ಅಂತ ಲೆಕ್ಕ ಆಗುತ್ತೆ. ಜಿಎಸ್‌ಟಿ ಇದ್ದವರು ಅದರ ಮೇಲೂ ಶೇಕಡಾ 18 ಹಾಕಬೇಕು. ಸಿಜಿಎಸ್‌ಟಿ ನಿಯಮ 33ರಲ್ಲಿ 'ಪ್ಯೂರ್ ಏಜೆಂಟ್' ವಿನಾಯಿತಿ ಇದೆ, ಆದರೆ ಅದು ಕ್ಲೈಂಟ್ ಪರವಾಗಿ ನೀವು ಕಟ್ಟಿದ ಶುಲ್ಕದಂಥದ್ದಕ್ಕೆ. ನೀವೇ ಕೂತು ಹೋದ ರೈಲಿಗೆ ಅದು ಒಗ್ಗಲ್ಲ.

ಹೋಟೆಲಿನದು ಇನ್ನೂ ವಿಚಿತ್ರ. ಬೆಂಗಳೂರಿನ ಹೋಟೆಲ್ ಹಾಕೋದು ಕರ್ನಾಟಕದ ಜಿಎಸ್‌ಟಿ. ತೆಲಂಗಾಣದಲ್ಲಿ ನೋಂದಾಯಿಸಿಕೊಂಡ ನಿಮಗೆ ಅದರ ಕ್ರೆಡಿಟ್ ಸಿಗಲ್ಲ. ಬೆಂಗಳೂರಿನ ಕ್ಲೈಂಟ್ ತನ್ನ ಹೆಸರಲ್ಲಿ ಅದೇ ಕೋಣೆ ಬುಕ್ ಮಾಡಿದ್ರೆ ಅವರು ಅದನ್ನ ಕೇಳಬಹುದು. ಇಷ್ಟೆಲ್ಲ ತಾಪತ್ರಯಕ್ಕೆ ಒಂದೇ ಸರಳ ದಾರಿ: ಟಿಕೆಟ್ಟು, ಹೋಟೆಲ್ಲು ಎರಡನ್ನೂ ಅವರೇ ಬುಕ್ ಮಾಡಲಿ, ಅವರ ಹೆಸರಲ್ಲೇ ಬಿಲ್ಲಾಗಲಿ. ನಿಮ್ಮ ಕೈಯಿಂದ ಹೋಗೋದು ಆಟೋ, ಊಟ ಮಾತ್ರ. ಅದಕ್ಕೆ ದಿನಕ್ಕೆ ಇಷ್ಟು ಅಂತ ಬಾಟಾ ಗೊತ್ತು ಮಾಡಿಕೊಳ್ಳಿ, ರಸೀತಿ ಕೂಡಿಡೋ ಗೋಜೇ ಬೇಡ. ಆ ಬಾಟಾಕ್ಕೂ ತೆರಿಗೆ ಬೀಳುತ್ತೆ, ಅದನ್ನ ಸೇರಿಸಿಯೇ ಸ್ವಲ್ಪ ಜಾಸ್ತಿ ಕೇಳಿ.

ಉಳಿದದ್ದು ಬೇಗ ಹೇಳಿಬಿಡ್ತೀನಿ. ಟಿಡಿಎಸ್ 194ಜೆ ಸೆಕ್ಷನ್ ಅಡಿ ವೃತ್ತಿ ಶುಲ್ಕ ಅಂತಾದ್ರೆ ಶೇಕಡಾ 10, ತಾಂತ್ರಿಕ ಸೇವೆ ಅಂತಾದ್ರೆ 2. ಯಾವುದು ಅಂತ ಮೊದಲ ಬಿಲ್ಲಿಗೆ ಮುಂಚೆ ಕೇಳಿ, ಕೈಗೆ ಬರೋ ದುಡ್ಡಲ್ಲಿ ದೊಡ್ಡ ವ್ಯತ್ಯಾಸ ಆಗುತ್ತೆ. 44ಎಡಿಎಯವರು ಮುಂಗಡ ತೆರಿಗೆಯನ್ನ ಒಂದೇ ಕಂತಲ್ಲಿ ಮಾರ್ಚ್ 15ರೊಳಗೆ ಕಟ್ಟಬೇಕು.

ಪೇಮೆಂಟು. ಸಿನಿಮಾ ಕಾರ್ಮಿಕರು ಅದೇ ದಿನ ಕೇಳಿದ್ರು. ನಮಗೆ ಕಂಪನಿಗಳು 60 ದಿನ, 90 ದಿನ ಅಂತಾವೆ. ಸಣ್ಣ ಉದ್ದಿಮೆದಾರರ ಉದ್ಯಮ್ ನೋಂದಣಿ ಉಚಿತ, 2020ರ ಜುಲೈಯಿಂದ ಇದೆ, ಕೆಲಸ ಒಪ್ಪಿಕೊಳ್ಳೋಕೆ ಮುಂಚೆಯೇ ಮಾಡಿಸಿ. ಆಗ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಪರ ನಿಲ್ಲುತ್ತೆ. ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನ ಮೀರೋ ಹಾಗಿಲ್ಲ. ಮೀರಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಅದಕ್ಕಿಂತ ಹೆಚ್ಚು ಕೆಲಸ ಮಾಡೋದು ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್): ಗಡುವಿನೊಳಗೆ ಕೊಡದ ದುಡ್ಡನ್ನ ಕಂಪನಿ ನಿಜವಾಗಿ ಪಾವತಿ ಮಾಡಿದ ವರ್ಷದವರೆಗೂ ತನ್ನ ಖರ್ಚು ಅಂತ ತೋರಿಸೋ ಹಾಗಿಲ್ಲ. ಬಡ್ಡಿ ಕೇಳಿದ್ರೆ ನಿಮ್ಮ ಮ್ಯಾನೇಜರ್ ಮುಖ ಸಿಂಡರಿಸಬಹುದು, ಆದರೆ ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಇದ್ರೆ ಮಾರ್ಚ್ ತಿಂಗಳಲ್ಲಿ ಅವರ ಅಕೌಂಟ್ಸ್ ವಿಭಾಗವೇ ನಿಮ್ಮ ಬಿಲ್ಲನ್ನ ಹುಡುಕುತ್ತೆ. ಆ ನಂಬರನ್ನ ಮೊದಲ ಬಿಲ್ಲಿನಿಂದಲೇ ಹಾಕಿ.

ವಿದೇಶಿ ಕ್ಲೈಂಟ್‌ಗೆ ಡಾಲರ್‌ನಲ್ಲಿ ಬಿಲ್ ಮಾಡೋರದ್ದು ಬೇರೆಯದೇ ಲೆಕ್ಕ, ಮುಂದಿನ ಕಂತಿನಲ್ಲಿ ಅದನ್ನೇ ತಗೊಳ್ತೀನಿ.