ಉತಾರದಾಗ ಹೆಸರಿಲ್ಲದವರು
(ಹುನಗುಂದದಲ್ಲಿ ಆಡಿದ ಮಾತು)



ನಾನು ಬಿ.ಎ. ಓದಿದವ, ಕವಿತೆ ಬರೆಯುವವ. ಗೊಬ್ಬರದ ಲೆಕ್ಕ ಮಾತಾಡಾಕ ಇವನ್ಯಾರು ಅಂತ ಕೇಳಬಹುದು. ಆ ಗೊಬ್ಬರದ ಚೀಲ ಹೊತ್ತು ಕೂಲಿ ಪಡೆದವರ ಮಗ ನಾನು. ಅಷ್ಟು ಸಾಕು.

2013ರಲ್ಲಿ ಅನ್ನಭಾಗ್ಯ ಬಂತು. ಕಿಲೋಕ್ಕೆ 1 ರೂಪಾಯಿಯ ಅಕ್ಕಿ. ಆವತ್ತಿನಿಂದ ನಮ್ಮೂರ ಕಟ್ಟೆಯ ಮೇಲೆ ಒಂದೇ ಮಾತು: "ಸರಕಾರದ ಅಕ್ಕಿ ತಿಂದು ಕೂಲ್ಯಾರು ಮೈಗಳ್ಳರಾಗ್ಯಾರ." ಹೇಳುವವರು ಯಾರು? 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಕರೆಂಟು ಬಿಲ್ಲು ಕಟ್ಟದವರು. 45 ಕಿಲೋ ಯೂರಿಯಾ ಚೀಲವನ್ನು 266 ರೂಪಾಯಿ ಚಿಲ್ಲರೆಗೆ ಒಯ್ಯುವವರು. ಅದರ ನಿಜವಾದ ಬೆಲೆ ಎಷ್ಟೋ ಪಟ್ಟು ಹೆಚ್ಚು. ಉಳಿದದ್ದನ್ನು ದಿಲ್ಲಿಯ ಬೊಕ್ಕಸ ತುಂಬುತ್ತದೆ. ಅದು ಅವರ ಹಕ್ಕು, ನಮ್ಮ ಅಕ್ಕಿ ಮಾತ್ರ ಭಿಕ್ಷೆ! ಬೆಂಕಿಪೊಟ್ಟಣ ಕೊಂಡರೂ ನಾವು ತೆರಿಗೆ ಕೊಡ್ತೀವಿ. ಆ ಬೊಕ್ಕಸದಾಗ ನಮ್ಮ ಕಾಸೂ ಐತಿ.

ರೈತರಿಗೆ ಸಬ್ಸಿಡಿ ಬ್ಯಾಡ ಅಂತ ನಾನು ಹೇಳಲಾರೆ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭೆಯ ಬೆಟರ್‌ಮೆಂಟ್ ಲೆವಿ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಬಾದಾಮಿ ಸೀಮೆಯವರಿಗೆ ಅದು ಪಕ್ಕದ ಮನೆಯ ಸಾವು. ಎರಡೆಕರೆ ಮಸಾರಿಯವನಿಗೆ ಗೊಬ್ಬರ ಸೋವಿ ಸಿಗಲಿ. ಅದು ತುಟ್ಟಿಯಾದರೆ ಜೋಳವೂ ತುಟ್ಟಿ, ನಮ್ಮ ರೊಟ್ಟಿಯೂ ಸಣ್ಣದು. ಆದರೆ ಸಬ್ಸಿಡಿ ಎಕರೆಯ ಬೆನ್ನು ಹತ್ತಿ ಹೋಗ್ತದ. ಹೊಲ ಹೆಚ್ಚಿದ್ದವನಿಗೆ ಹೆಚ್ಚು, ಬೋರ್ ಇದ್ದವನಿಗೆ ಇನ್ನೂ ಹೆಚ್ಚು. 2019ರಲ್ಲಿ ಬಂದ ಪಿಎಂ ಕಿಸಾನ್ ವರ್ಷಕ್ಕೆ 6000 ರೂಪಾಯಿ. ಉತಾರದಾಗ ಹೆಸರು ಬೇಕು. ಪಾಲಿಗೆ ಮಾಡುವವ, ಲಾವಣಿ ಹಿಡಿದವ, ಕೂಲಿಯವ ಲೆಕ್ಕಕ್ಕಿಲ್ಲ.

ಉಳ್ಳಾಗಡ್ಡಿ ನೋಡ್ರಿ. ಪೇಟೆಯವರಿಗೆ ಸೋವಿಯಾಗಲೆಂದು 2023ರ ಡಿಸೆಂಬರಿನಲ್ಲಿ ರಫ್ತು ನಿಲ್ಲಿಸಿದರು. ದರ ಬಿದ್ದರೆ ಹೊಲದವ ಕೀಳಿಸೋದ ಬಿಡ್ತಾನ, ನಮ್ಮವ್ವನ ಕೂಲಿ ಹೋಗ್ತದ. ದರ ಏರಿದರೆ ಕೂಲಿ ಏರೂದಿಲ್ಲ. ಸಂತ್ಯಾಗ ಅದೇ ಗಡ್ಡಿ ನಮಗ ತುಟ್ಟಿ. ಇಳಕಲ್ಲಿನ ಕಲ್ಲಿನ ಖಣಿಗೆ ನಮ್ಮ ಹುಡುಗರು ಯಾಕೆ ಹೋಗ್ತಾರ, ಬ್ಯಾರೆ ಹೇಳಬೇಕೇನು?

ಇನ್ನೊಂದು ಸಬ್ಸಿಡಿ ಐತಿ. ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆ: ಭೂಮಿಯಿಲ್ಲದ ದಲಿತ ಕೂಲಿ ಹೆಣ್ಣುಮಗಳಿಗೆ ಹೊಲ ಕೊಳ್ಳಲು ಅರ್ಧ ಸಹಾಯಧನ, ಅರ್ಧ ಸಾಲ. ಇದು ಎಕರೆಯ ಬೆನ್ನು ಹತ್ತೂದಿಲ್ಲ, ಎಕರೆಯನ್ನೇ ಕೊಡ್ತದ. ಆದರೆ ಮಾರುವವರು ಬೇಕಲ್ಲ? ನಮ್ಮವ್ವ ಕೇಳಾಕ ಹೋದಾಗ ಒಬ್ಬರು ಅಂದರು: "ನಿಮಗ ಕೊಟ್ಟರ ನಾಳೆ ಬದುವಿನ ಮ್ಯಾಲೆ ನಮ್ಮ ಮಂದಿ ಹೆಂಗ ಅಡ್ಡಾಡೂದು?" ಅವ್ವ ಸುಮ್ಮನೆ ತಿರುಗಿ ಬಂದಳು. ಇನ್ನೊಮ್ಮೆ ಹೋಗ್ತಾಳ, ನಾನೂ ಜತಿಗೆ ಹೋಗ್ತೀನಿ.

ಅರ್ಜಿ ಹಾಕುವ ಅವ್ವಂದಿರು ಸಭೆ ಮುಗಿದ ಮ್ಯಾಲೆ ಇಲ್ಲೇ ನಿಲ್ಲರಿ. ನಾನು ಬರಕೊಡ್ತೀನಿ, ಬಾಗಲಕೋಟೆಗೆ ಕೂಡೇ ಹೋಗೋಣ.